‘ಟು ಕಿಲ್ ಎ ಮಾಕಿಂಗ್‌ಬರ್ಡ್’: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾರ್ಪರ್ ಲೀ ಅವರ ಈ ಕಾದಂಬರಿಯನ್ನು ಓದಿದವರು, ಓದಬೇಕು ಅಂದುಕೊಂಡವರು ಮಾತಿಗೆ ಸಿಕ್ಕಾಗಲೂ ಪತ್ರ ಬರೆದಾಗಲೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಮೊದಲ ಭಾಗ ಪುಸ್ತಕ ಓದದವರಿಗೂ ಆಗುತ್ತದೆ. ಆಮೇಲೆ ಕಥೆಯ ಕೊನೆಯೂ ಬಯಲಾಗುತ್ತದೆ. ಓದಿಯೇ ಬರುತ್ತೇನೆ ಅನ್ನುವವರು ಮೊದಲ ಭಾಗಕ್ಕೇ ನಿಲ್ಲಿಸಿ.

## ಇನ್ನೂ ಓದಿಲ್ಲದವರು ಕೇಳುವುದು

ಕಥೆ ಏನು? ಚಿಕ್ಕದಾಗಿ ಹೇಳಿ ಸಾಕು.

ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯ. ಅಲ್ಲಿ ಮೇಕೋಂಬ್ ಅನ್ನುವ ಕಲ್ಪಿತ ಊರು. ಕಾಲ 1933ರಿಂದ 1935, ಅಂದರೆ ಮಹಾ ಆರ್ಥಿಕ ಕುಸಿತದ ದಿನಗಳು. ಕಥೆ ಹೇಳುವವಳು ಸ್ಕೌಟ್. ಶುರುವಿನಲ್ಲಿ ಅವಳಿಗೆ ಇನ್ನೂ ಆರು ವರ್ಷ ತುಂಬಿಲ್ಲ. ಅಣ್ಣ ಜೆಮ್ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ತಾಯಿ ಇಲ್ಲ. ತಂದೆ ಅಟಿಕಸ್ ಫಿಂಚ್ ವಕೀಲ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯಾಳಿನ ಮೇಲೆ ಬಿಳಿ ಹುಡುಗಿಯ ಅತ್ಯಾಚಾರದ ಆರೋಪ ಬರುತ್ತದೆ. ಅವನ ಪರ ವಾದಿಸುವ ಕೆಲಸ ಅಟಿಕಸ್ ಪಾಲಿಗೆ ಬರುತ್ತದೆ. ಊರಿನ ಬಿಳಿಯರು ಸಿಟ್ಟಾಗುತ್ತಾರೆ. ಇದರ ಜೊತೆಗೇ ಇನ್ನೊಂದು ಎಳೆ ಇದೆ. ಅದೇ ಬೀದಿಯ ಒಂದು ಮನೆಯಿಂದ ಎಂದೂ ಹೊರಗೆ ಬಾರದ ಬೂ ರಾಡ್ಲಿಯ ಬಗ್ಗೆ ಮಕ್ಕಳಿಗಿರುವ ಹೆದರಿಕೆ ಮತ್ತು ಕುತೂಹಲ.

ಬರೆದವರು ಯಾರು? ಒಂದೇ ಪುಸ್ತಕ ಬರೆದರಂತೆ?

ನೆಲ್ ಹಾರ್ಪರ್ ಲೀ. 1926ರಲ್ಲಿ ಅಲಬಾಮಾದ ಮನ್ರೋವಿಲ್‌ನಲ್ಲಿ ಹುಟ್ಟಿದರು, 2016ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಕಾನೂನು ಓದಲು ಸೇರಿ ಅರ್ಧಕ್ಕೇ ಬಿಟ್ಟರು. ನ್ಯೂಯಾರ್ಕ್‌ಗೆ ಹೋಗಿ ಏರ್‌ಲೈನ್ ಟಿಕೆಟ್ ಕಚೇರಿಯಲ್ಲಿ ಕೆಲಸ ಮಾಡಿದರು. 1956ರ ಕ್ರಿಸ್‌ಮಸ್‌ಗೆ ಸ್ನೇಹಿತ ದಂಪತಿ ಒಂದು ವರ್ಷದ ಸಂಬಳದಷ್ಟು ಹಣ ಕೊಟ್ಟು, ಕೆಲಸ ಬಿಟ್ಟು ಬರೆಯಿರಿ ಅಂದರು. ಪುಸ್ತಕ 1960ರ ಜುಲೈನಲ್ಲಿ ಬಂತು, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಎರಡನೇ ಪುಸ್ತಕ 2015ರಲ್ಲಿ ಹೊರಬಂತು. ಅದರ ಮಾತು ಕೆಳಗೆ ಬರುತ್ತದೆ.

ಹೆಸರಿನಲ್ಲಿರುವ ಹಕ್ಕಿಗೂ ಕಥೆಗೂ ಏನು ಸಂಬಂಧ?

ಮಾಕಿಂಗ್‌ಬರ್ಡ್ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸಿ ಹಾಡುವ ಬೂದು ಬಣ್ಣದ ಹಕ್ಕಿ. ಅಮೆರಿಕದ ದಕ್ಷಿಣದಲ್ಲಿ ಮನೆಯಂಗಳದಲ್ಲೇ ಕಾಣಸಿಗುತ್ತದೆ. ಮಕ್ಕಳ ಕೈಗೆ ಏರ್‌ಗನ್ ಬಂದಾಗ ಅಟಿಕಸ್ ಇದೊಂದು ಹಕ್ಕಿಯನ್ನು ಹೊಡೆಯಬೇಡಿ, ಪಾಪ ಬರುತ್ತದೆ ಅನ್ನುತ್ತಾನೆ. ಅದು ಬೆಳೆ ಹಾಳು ಮಾಡುವುದಿಲ್ಲ, ಹಾಡುತ್ತದೆ ಅಷ್ಟೇ ಅಂತ ಎದುರು ಮನೆಯ ಮಿಸ್ ಮೌಡಿ ವಿವರಿಸುತ್ತಾಳೆ. ಟಾಮ್ ಮತ್ತು ಬೂ ಇಬ್ಬರಿಗೂ ಈ ಹೋಲಿಕೆ ಅನ್ವಯಿಸುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೂಗೆ ಅದು ಸರಿಹೋಗುತ್ತದೆ. ಟಾಮ್‌ಗೆ ಅಷ್ಟು ಸರಿಹೋಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅವನು ದುಡಿದು ತಿನ್ನುವ, ಹೆಂಡತಿ ಮೂರು ಮಕ್ಕಳಿರುವ, ಯೋಚನೆ ಮಾಡಿ ಮಾತಾಡುವ ಮನುಷ್ಯ. ಹಾಡಿನ ಹಕ್ಕಿ ಅಂದರೆ ಅವನನ್ನು ಚಿಕ್ಕದು ಮಾಡಿದ ಹಾಗಾಗುತ್ತದೆ.

ಮಗಳಿಗೆ ಹನ್ನೊಂದು ವರ್ಷ. ಕೊಡಬಹುದಾ?

ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಎಂಟನೇ ಅಥವಾ ಒಂಬತ್ತನೇ ತರಗತಿಯಲ್ಲಿ ಓದಿಸುತ್ತಾರೆ. ಅದಕ್ಕಿಂತ ಮೊದಲು ಕೊಡುವುದಾದರೆ ಜೊತೆಗೆ ಕೂತು ಓದಿ. ಅತ್ಯಾಚಾರದ ಆರೋಪ, ಗುಂಪಾಗಿ ಕೊಲ್ಲಲು ಬರುವ ಜನ, ಕಪ್ಪು ಜನರನ್ನು ಕರೆಯುವ ಹೊಲಸು ಬೈಗುಳ ಎಲ್ಲವೂ ಇವೆ. ಹೇಳುವವಳು ಹುಡುಗಿಯಾದ ಕಾರಣಕ್ಕೆ ಸುಮ್ನೆ ಮಕ್ಕಳ ಕಥೆ ಅಂದುಕೊಳ್ಳಬೇಡಿ.

ಸಿನಿಮಾ ನೋಡಿದ್ದೇನೆ. ಪುಸ್ತಕ ಓದಲೇಬೇಕಾ?

ಓದಿ. 1962ರ ಸಿನಿಮಾ ಒಳ್ಳೆಯದೇ. ಗ್ರೆಗರಿ ಪೆಕ್‌ಗೆ ಅಟಿಕಸ್ ಪಾತ್ರಕ್ಕಾಗಿ ಆಸ್ಕರ್ ಬಂತು. ಆದರೆ ಕ್ಯಾಮೆರಾ ಅವನ ಮೇಲೆಯೇ ನಿಂತುಬಿಟ್ಟಿದೆ. ಮನೆಯಲ್ಲಿ ಅಡುಗೆ ಮಾಡುತ್ತಾ ಮಕ್ಕಳನ್ನು ಸಾಕುವ ಕ್ಯಾಲ್ಪರ್ನಿಯಾ ಎಂಬ ಕಪ್ಪು ಹೆಂಗಸು ಆ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುವ ಅಧ್ಯಾಯ ಸಿನಿಮಾದಲ್ಲಿ ಇಲ್ಲ. ಕಪ್ಪು ಜನರ ಬದುಕಿನೊಳಗೆ ಪುಸ್ತಕ ಕಾಲಿಡುವುದು ಮುಖ್ಯವಾಗಿ ಆ ಅಧ್ಯಾಯದಲ್ಲೇ. ಗುಲಾಮಗಿರಿಯಿಂದ ಬಿಡುಗಡೆಯಾದವರು ತಮ್ಮ ಮೊದಲ ದುಡಿಮೆಯಲ್ಲಿ ಕೊಂಡ ಚರ್ಚು ಅದು. ಬಿಳಿಯರು ವಾರದ ದಿನಗಳಲ್ಲಿ ಅಲ್ಲೇ ಜೂಜಾಡುತ್ತಾರೆ. ಹಾಡಿನ ಪುಸ್ತಕ ಕೊಳ್ಳಲು ದುಡ್ಡಿಲ್ಲ, ಇದ್ದರೂ ಓದಲು ಬರುವವರು ಬೆರಳೆಣಿಕೆಯಷ್ಟು. ಒಬ್ಬ ಒಂದೊಂದು ಸಾಲು ಹೇಳಿಕೊಡುತ್ತಾನೆ, ಮಿಕ್ಕವರು ಹಾಡುತ್ತಾರೆ. ಟಾಮ್‌ನ ಹೆಂಡತಿ ಹೆಲೆನ್‌ಗಾಗಿ ಹತ್ತು ಡಾಲರ್ ಕೂಡುವ ತನಕ ಪಾದ್ರಿ ಸೈಕ್ಸ್ ಬಾಗಿಲು ಹಾಕಿಸಿ ಕೂರುತ್ತಾರೆ. ಬಿಳಿ ಮಕ್ಕಳನ್ನು ಇಲ್ಲಿಗೆ ಯಾಕೆ ತಂದೆ ಅಂತ ಲೂಲಾ ಎನ್ನುವ ಹೆಂಗಸು ಕ್ಯಾಲ್ಪರ್ನಿಯಾಳನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪುಸ್ತಕದಲ್ಲಿ ಅವಳಿಗೆ ಸಿಕ್ಕಿರುವುದು ಅಷ್ಟೇ ಜಾಗ. ಆದರೂ ಅವಳ ಪ್ರಶ್ನೆ ಮರೆಯುವಂಥದ್ದಲ್ಲ.

## ಕೇಸಿನ ಬಗ್ಗೆ

ಟಾಮ್ ನಿರ್ದೋಷಿ ಅಂತ ಕಣ್ಣಿಗೆ ಕಾಣುತ್ತಿತ್ತಲ್ಲ, ಮತ್ತೆ ಶಿಕ್ಷೆ ಆಗಿದ್ದು ಹೇಗೆ?

ಸಾಕ್ಷ್ಯ ಅಷ್ಟು ಸ್ಪಷ್ಟವಾಗಿತ್ತು, ನಿಜ. ಮೇಯೆಲಾ ಯೂಯೆಲ್‌ಗೆ ಪೆಟ್ಟು ಬಿದ್ದಿದ್ದು ಮುಖದ ಬಲಭಾಗಕ್ಕೆ. ಎದುರು ನಿಂತವನು ಹಾಗೆ ಹೊಡೆಯಬೇಕಾದರೆ ಎಡಗೈ ಓಡಬೇಕು. ಅಟಿಕಸ್ ಅವಳ ಅಪ್ಪ ಬಾಬ್ ಯೂಯೆಲ್ ಕೈಗೆ ಲಕೋಟೆ ಕೊಟ್ಟು ಹೆಸರು ಬರೆಸುತ್ತಾನೆ. ಅವನು ಎಡಗೈಯಲ್ಲಿ ಬರೆಯುತ್ತಾನೆ. ಟಾಮ್‌ನ ಎಡಗೈ ಹನ್ನೆರಡನೇ ವಯಸ್ಸಿನಲ್ಲಿ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಸತ್ತುಹೋಗಿದೆ. ಪ್ರಮಾಣ ಮಾಡುವಾಗ ಆ ಕೈಯನ್ನು ಬೈಬಲ್ ಮೇಲೆ ಇಡಲು ನೋಡುತ್ತಾನೆ, ಅದು ಜಾರಿ ಮೇಜಿಗೆ ಬಡಿಯುತ್ತದೆ. ಮತ್ತೆ ಇಡಲು ಹೋಗುತ್ತಾನೆ. ಸಾಕು ಬಿಡು ಅನ್ನುತ್ತಾರೆ ನ್ಯಾಯಾಧೀಶರು. ಇದೆಲ್ಲ ಜ್ಯೂರಿಯ, ಅಂದರೆ ತೀರ್ಪು ಹೇಳಲು ಊರವರಿಂದ ಆರಿಸಿದ ಹನ್ನೆರಡು ಮಂದಿಯ, ಕಣ್ಣೆದುರೇ ನಡೆಯುತ್ತದೆ. ವೈದ್ಯರನ್ನು ಮಾತ್ರ ಯಾರೂ ಕರೆಸಿಯೇ ಇರಲಿಲ್ಲ.

ಆದರೆ ಅಲ್ಲಿ ತೀರ್ಮಾನ ಆಗಬೇಕಿದ್ದುದು ಟಾಮ್ ಏನು ಮಾಡಿದ ಅನ್ನುವುದಲ್ಲ. ಬಿಳಿಯ ಮತ್ತು ಕಪ್ಪು ಮನುಷ್ಯ ಎದುರುಬದುರಾದರೆ ಯಾರ ಮಾತು ನಡೆಯಬೇಕು ಅನ್ನುವುದು. ಅದು ಕೋರ್ಟಿನ ಬಾಗಿಲು ತೆರೆಯುವ ಮೊದಲೇ ತೀರ್ಮಾನವಾಗಿತ್ತು.

“ಅವಳನ್ನು ನೋಡಿ ಪಾಪ ಅನ್ನಿಸಿತು” ಅಂದನಲ್ಲ, ಅದರಲ್ಲಿ ತಪ್ಪೇನಿದೆ?

ಹೊರಗಿನಿಂದ ಓದುವವರಿಗೆ ಇದು ತಕ್ಷಣ ಹೊಳೆಯುವುದಿಲ್ಲ. ಪಾಟೀಸವಾಲಿನಲ್ಲಿ ಸರ್ಕಾರಿ ವಕೀಲ ಗಿಲ್ಮರ್ ಕೇಳುತ್ತಾನೆ: ದುಡ್ಡು ತೆಗೆದುಕೊಳ್ಳದೆ ಆ ಹುಡುಗಿಯ ಕೆಲಸ ಯಾಕೆ ಮಾಡಿಕೊಡುತ್ತಿದ್ದೆ? ಸಹಾಯಕ್ಕೆ ಯಾರೂ ಇರಲಿಲ್ಲ, ಪಾಪ ಅನ್ನಿಸಿತು ಅನ್ನುತ್ತಾನೆ ಟಾಮ್. ಗಿಲ್ಮರ್ ಆ ಮಾತನ್ನು ಹಿಡಿದುಕೊಂಡು ಎಳೆದಾಡುತ್ತಾನೆ. ಆಡಬಾರದ್ದು ಆಡಿಬಿಟ್ಟೆ ಅಂತ ಟಾಮ್‌ಗೂ ಗೊತ್ತಾಗುತ್ತದೆ. ಆದರೆ ಬಾಯಿಂದ ಬಂದಾಗಿದೆ.

ಯೂಯೆಲ್ ಮನೆಯವರು ಊರಿನ ಬಿಳಿಯರಲ್ಲೇ ಕಡೆಯವರು. ಊರ ಕಸದ ಗುಂಡಿಯ ಹಿಂದೆ ಗುಡಿಸಲು, ಕುಡಿದು ಬೀಳುವ ಅಪ್ಪ, ಶಾಲೆಗೆ ಹೋಗದ ಮಕ್ಕಳು. ನಾವು ಇನ್ನೊಬ್ಬರಿಗಿಂತ ಮೇಲೆ ಅನ್ನಲು ಅವರಿಗಿದ್ದುದು ಚರ್ಮದ ಬಣ್ಣ ಒಂದೇ. ಪಾಪ ಅನ್ನಬೇಕಾದರೆ ಅನ್ನುವವನ ಸ್ಥಿತಿ ಸ್ವಲ್ಪವಾದರೂ ಮೇಲಿರಬೇಕು, ಅಲ್ವಾ? ಕಪ್ಪು ಮನುಷ್ಯ ಬಿಳಿ ಹುಡುಗಿಯ ಬಗ್ಗೆ ಆ ಮಾತಾಡಿದ ಅಂದರೆ ಇಡೀ ಮೇಲುಕೀಳನ್ನೇ ತಿರುಗಿಸಿ ಹಾಕಿದ ಹಾಗೆ. ಜ್ಯೂರಿಗೆ ಅದೇ ಅವನ ಅಪರಾಧವಾಗಿ ಕಂಡಿತು.

ಅದಕ್ಕೂ ಮೊದಲು ಟಾಮ್ ಎಷ್ಟು ಎಚ್ಚರದಿಂದ ಮಾತಾಡುತ್ತಾನೆ ನೋಡಿ. ಮೇಯೆಲಾ ಸುಳ್ಳು ಹೇಳುತ್ತಿದ್ದಾಳೆ ಅಂತ ಒಮ್ಮೆಯೂ ಅನ್ನುವುದಿಲ್ಲ. ಅವಳಿಗೆ ಮನಸ್ಸಿನಲ್ಲಿ ಏನೋ ತಪ್ಪು ತಿಳಿವಳಿಕೆ ಆಗಿದೆ ಅನ್ನುತ್ತಾನೆ. ಅಷ್ಟು ಅಳೆದು ಆಡುವವನ ಬಾಯಿಂದ ತಪ್ಪಿ ಬಂದಿದ್ದು ಮನಸ್ಸಿನಲ್ಲಿದ್ದ ನಿಜ.

ಮೇಯೆಲಾ ಮೇಲೆ ಸಿಟ್ಟೂ ಬರುತ್ತೆ, ಅಯ್ಯೋ ಅಂತಲೂ ಅನ್ನಿಸುತ್ತೆ. ಲೇಖಕಿಗೂ ಹಾಗೇ ಇತ್ತಾ?

ಇದ್ದಿರಬೇಕು. ಆ ಕೊಳಕು ಅಂಗಳದ ಮೂಲೆಯಲ್ಲಿ ಒಡಕು ಡಬ್ಬಗಳಲ್ಲಿ ಕೆಂಪು ಜೆರೇನಿಯಂ ಗಿಡ ಬೆಳೆಸಿದ್ದಾಳೆ ಮೇಯೆಲಾ. ತಮ್ಮ ತಂಗಿಯರನ್ನು ಐಸ್‌ಕ್ರೀಂಗೆ ಕಳಿಸಲು ಏಳು ನಿಕ್ಕಲ್ ನಾಣ್ಯ ಕೂಡಿಡುವುದಕ್ಕೆ ಅವಳಿಗೆ ಒಂದು ವರ್ಷ ಹಿಡಿಯಿತು. ಕೋರ್ಟಿನಲ್ಲಿ ಅಟಿಕಸ್ ಗೌರವದಿಂದ ಮಾತಾಡಿಸಿದರೆ ಗೇಲಿ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾಳೆ. ಯಾರೂ ಅವಳನ್ನು ಹಾಗೆ ಕರೆದಿಲ್ಲ. ಮನೆಯಲ್ಲಿ ಅಪ್ಪ ಹೊಡೆಯುತ್ತಾನೆ. ಅದಕ್ಕೂ ಮಿಗಿಲಾದದ್ದು ನಡೆದಿರಬಹುದು ಅಂತ ಟಾಮ್‌ನ ಮಾತು ಸೂಚಿಸುತ್ತದೆ. ಇಷ್ಟು ತುಳಿತಕ್ಕೆ ಸಿಕ್ಕಿದವಳೇ ತನ್ನ ಬಳಿ ಇದ್ದ ಒಂದೇ ಒಂದು ಅಧಿಕಾರವನ್ನು, ಅಂದರೆ ಬಿಳಿಯ ಹೆಂಗಸಿನ ಮಾತಿಗಿದ್ದ ಬೆಲೆಯನ್ನು, ತನಗೆ ಸಹಾಯ ಮಾಡಿದವನ ಮೇಲೇ ಬಳಸಿದಳು. ಅವಳ ಕಷ್ಟ ನಿಜ. ಅದರ ಬೆಲೆ ತೆತ್ತವನು ಟಾಮ್.

ಜ್ಯೂರಿಯಲ್ಲಿ ಒಬ್ಬ ಕಪ್ಪು ಮನುಷ್ಯನೂ ಯಾಕಿಲ್ಲ? ಹಾಗಂತ ಕಾನೂನಿತ್ತಾ?

ಕಾನೂನು ಬಾಯಿಬಿಟ್ಟು ಹಾಗೆ ಹೇಳುತ್ತಿರಲಿಲ್ಲ. ಪಟ್ಟಿಗೆ ಅವರ ಹೆಸರೇ ಸೇರದಂತೆ ನೋಡಿಕೊಳ್ಳುತ್ತಿದ್ದರು. ಇದೇ ವಿಷಯ 1935ರಲ್ಲಿ ನಾರಿಸ್ ವಿರುದ್ಧ ಅಲಬಾಮಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕಪ್ಪು ಜನರ ಹೆಸರುಗಳೂ ಪಟ್ಟಿಯಲ್ಲಿವೆ ಅಂತ ತೋರಿಸಲು ಯಾರೋ ಆಮೇಲೆ ಹೆಸರು ತುರುಕಿದ್ದರು. ಆರೋಪಿಗಳ ವಕೀಲ ಆ ಪುಸ್ತಕವನ್ನೇ ಕೋರ್ಟಿಗೆ ತಂದು ಇಟ್ಟರು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. ಶಿಕ್ಷೆ ರದ್ದಾಯಿತು. ಕಾದಂಬರಿಯಲ್ಲಿ ಟಾಮ್‌ನ ವಿಚಾರಣೆ ನಡೆಯುವುದೂ ಅದೇ 1935ರ ಬೇಸಿಗೆಯಲ್ಲಿ. ತೀರ್ಪು ಬಂದ ಮಾತ್ರಕ್ಕೆ ಮೇಕೋಂಬ್‌ನಂಥ ಊರುಗಳಲ್ಲಿ ಏನೂ ಬದಲಾಗಲಿಲ್ಲ. ಇನ್ನು ಹೆಂಗಸರು. ಬಿಳಿಯರಾದರೂ ಸರಿ, ಅಲಬಾಮಾದಲ್ಲಿ ಅವರನ್ನು ಜ್ಯೂರಿಗೆ ಸೇರಿಸಲು 1966ರಲ್ಲಿ ಕೋರ್ಟೇ ಹೇಳಬೇಕಾಯಿತು.

ಇದು ನಡೆದ ಕಥೆಯಾ?

ಒಂದೇ ಘಟನೆಯ ಕಥೆ ಅಲ್ಲ. ಆದರೆ ಹತ್ತಿರದಲ್ಲಿ ನಡೆದದ್ದು ಬಹಳ ಇತ್ತು. ಲೀ ಅವರ ತಂದೆ ಎ. ಸಿ. ಲೀ ವಕೀಲರು. 1919ರಲ್ಲಿ ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ ವಾದಿಸಿ ಸೋತರು. ಇಬ್ಬರಿಗೂ ಗಲ್ಲಾಯಿತು. ಆಮೇಲೆ ಅವರು ಕ್ರಿಮಿನಲ್ ಕೇಸು ಮುಟ್ಟಲಿಲ್ಲ. 1933ರಲ್ಲಿ ಮನ್ರೋವಿಲ್ ಹತ್ತಿರವೇ ವಾಲ್ಟರ್ ಲೆಟ್ ಎಂಬ ಕಪ್ಪು ವ್ಯಕ್ತಿಯ ಮೇಲೆ ಬಿಳಿ ಹೆಂಗಸಿನ ಅತ್ಯಾಚಾರದ ಆರೋಪ ಬಂತು. ಮರಣದಂಡನೆ ಆಯಿತು, ಆಮೇಲೆ ಅದು ಜೀವಾವಧಿಗೆ ಇಳಿಯಿತು. 1937ರಲ್ಲಿ ಕೈದಿಯಾಗಿಯೇ ತೀರಿಕೊಂಡ. ಊರ ಪತ್ರಿಕೆಯಲ್ಲಿ ಇದೆಲ್ಲ ಬಂತು. ಆ ಪತ್ರಿಕೆಯ ಸಂಪಾದಕರು ಎ. ಸಿ. ಲೀ ಅವರೇ. ಹಾರ್ಪರ್ ಲೀ ಆಗ ಏಳೆಂಟು ವರ್ಷದ ಹುಡುಗಿ.

ದೇಶಕ್ಕೇ ಗೊತ್ತಾದ ಪ್ರಕರಣ ಸ್ಕಾಟ್ಸ್‌ಬರೋದ್ದು. 1931ರ ಮಾರ್ಚ್‌ನಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿಕೊಂಡು, ಇಬ್ಬರು ಬಿಳಿ ಹುಡುಗಿಯರ ಅತ್ಯಾಚಾರದ ಆರೋಪ ಹೊರಿಸಿದರು. ಹೆಚ್ಚುಕಡಿಮೆ ಎರಡೇ ವಾರದಲ್ಲಿ ಎಂಟು ಮಂದಿಗೆ ಮರಣದಂಡನೆ ಆಯಿತು. ಹುಡುಗಿಯರಲ್ಲಿ ಒಬ್ಬಳು ಆಮೇಲೆ ತಾನು ಹೇಳಿದ್ದು ಸುಳ್ಳು ಅಂತ ಕೋರ್ಟಿನಲ್ಲೇ ಒಪ್ಪಿಕೊಂಡಳು. ಆದರೂ ಜ್ಯೂರಿ ಮತ್ತೆ ತಪ್ಪಿತಸ್ಥ ಅಂದಿತು. ಕೊನೆಯ ಮೂವರ ಹೆಸರಿಗೆ ಅಲಬಾಮಾ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ. ಆಗ ಅವರಲ್ಲಿ ಯಾರೂ ಬದುಕಿರಲಿಲ್ಲ.

## ಧೈರ್ಯದ ಬಗ್ಗೆ

ಅಟಿಕಸ್ ಕೇಸು ಸೋತ. ಸೋತವನನ್ನು ಯಾಕೆ ಇಷ್ಟು ಹೊಗಳುತ್ತಾರೆ?

ಇದಕ್ಕೆ ಉತ್ತರ ಕೋರ್ಟಿನಲ್ಲಿಲ್ಲ, ಅದಕ್ಕೂ ಮೊದಲು ಬರುವ ಎರಡು ಅಧ್ಯಾಯಗಳಲ್ಲಿದೆ. ಮೊದಲನೆಯದರಲ್ಲಿ ಅಟಿಕಸ್ ಒಂದೇ ಗುಂಡಿಗೆ ಹುಚ್ಚು ನಾಯಿಯನ್ನು ಹೊಡೆಯುತ್ತಾನೆ. ನಮ್ಮಪ್ಪ ಇಂಥ ಗುರಿಕಾರನಾ ಅಂತ ಮಕ್ಕಳು ಬೀಗುತ್ತಾರೆ. ಅದರ ಬೆನ್ನಿಗೇ ಮಿಸೆಸ್ ಡುಬೋಸ್ ಬರುತ್ತಾಳೆ. ಅಟಿಕಸ್‌ನನ್ನು ಬಾಯಿಗೆ ಬಂದಂತೆ ಬೈಯುವ ಮುದುಕಿ. ಜೆಮ್ ಸಿಟ್ಟಿನಿಂದ ಅವಳ ಕಮೀಲಿಯಾ ಗಿಡಗಳನ್ನು ಕತ್ತರಿಸುತ್ತಾನೆ. ಒಂದು ತಿಂಗಳು ದಿನಾ ಹೋಗಿ ಅವಳಿಗೆ ಪುಸ್ತಕ ಓದಬೇಕು ಅನ್ನುವುದು ಶಿಕ್ಷೆ. ಅವಳಿಗೆ ನೋವಿಗೆ ಕೊಟ್ಟ ಮಾರ್ಫಿನ್ ಚಟವಾಗಿತ್ತು, ಸಾಯುವ ಮೊದಲು ಅದರಿಂದ ಬಿಡಿಸಿಕೊಳ್ಳಬೇಕು ಅಂತ ಹಟ ಹಿಡಿದಿದ್ದಳು ಅನ್ನುವುದು ಅವಳು ಸತ್ತ ಮೇಲೆ ಗೊತ್ತಾಗುತ್ತದೆ. ಬಂದೂಕು ಹಿಡಿದವನನ್ನು ಧೈರ್ಯಸ್ಥ ಅಂದುಕೊಳ್ಳಬೇಡ ಅಂತ ಅಟಿಕಸ್ ಮಗನಿಗೆ ಹೇಳುವುದು ಆಗ. ಸೋಲು ಖಚಿತ ಅಂತ ಶುರು ಮಾಡುವ ಮೊದಲೇ ಗೊತ್ತಿದ್ದೂ ಶುರು ಮಾಡುವುದು, ಏನೇ ಆದರೂ ಕೊನೆಯ ತನಕ ಬಿಡದಿರುವುದು ಧೈರ್ಯ ಅನ್ನುತ್ತಾನೆ.

ನನಗೆ ಇಲ್ಲಿ ಇಷ್ಟವಾಗುವುದು ಬೇರೆ. ಈ ಮುದುಕಿ ಒಳ್ಳೆಯವಳೇನಲ್ಲ. ಕಪ್ಪು ಜನರನ್ನು ತುಚ್ಛವಾಗಿ ಕಾಣುವವಳು. ಅವಳಲ್ಲೂ ಒಂದು ಗಟ್ಟಿತನ ಇತ್ತು ಅಂತ ಲೀ ತೋರಿಸುತ್ತಾರೆ. ಅವಳ ಜನಾಂಗದ್ವೇಷವನ್ನು ಎಲ್ಲೂ ಮುಚ್ಚಿಡುವುದಿಲ್ಲ.

ಜೈಲಿನ ಮುಂದೆ ಬಂದ ಗುಂಪು ಒಬ್ಬ ಹುಡುಗಿಯ ಮಾತಿಗೆ ವಾಪಸ್ ಹೋಯಿತು ಅಂದರೆ ನಂಬೋದು ಹೇಗೆ?

ನಂಬುವುದು ಕಷ್ಟ ಅನ್ನುವುದನ್ನು ಒಪ್ಪುತ್ತೇನೆ. ರಾತ್ರಿ ಜೈಲಿನ ಬಾಗಿಲಲ್ಲಿ ಅಟಿಕಸ್ ಕುರ್ಚಿ ಹಾಕಿಕೊಂಡು, ಮನೆಯಿಂದ ವೈರು ಬಲ್ಬು ತಂದು ದೀಪ ಹಚ್ಚಿಕೊಂಡು ಪೇಪರ್ ಓದುತ್ತಾ ಕೂತಿರುತ್ತಾನೆ. ಟಾಮ್‌ನನ್ನು ಎಳೆದೊಯ್ದು ಕೊಲ್ಲಲು ಗಂಡಸರು ಕಾರುಗಳಲ್ಲಿ ಬರುತ್ತಾರೆ. ಸ್ಕೌಟ್ ಗುಂಪಿನೊಳಗೆ ನುಗ್ಗಿ ಪರಿಚಯದ ಕನಿಂಗ್‌ಹ್ಯಾಮ್‌ನನ್ನು ಹೆಸರು ಹಿಡಿದು ಮಾತಾಡಿಸುತ್ತಾಳೆ. ಅವನ ಮಗನ ಬಗ್ಗೆ, ಅವನ ಜಮೀನಿನ ತಕರಾರಿನ ಬಗ್ಗೆ ಕೇಳುತ್ತಾಳೆ. ಮುಖವಿಲ್ಲದ ಗುಂಪಿನಲ್ಲಿ ಒಬ್ಬನಿಗೆ ತಾನು ಯಾರು ಅನ್ನುವುದು ನೆನಪಾಗುತ್ತದೆ. ಅವನು ತಿರುಗಿದ ಮೇಲೆ ಉಳಿದವರೂ ತಿರುಗುತ್ತಾರೆ.

ನಿಜವಾದ ದಕ್ಷಿಣದಲ್ಲಿ ಹೀಗೆ ತಿರುಗದ ಗುಂಪುಗಳ ಲೆಕ್ಕ ದೊಡ್ಡದು. 1877ರಿಂದ 1950ರ ನಡುವೆ ಸುಮಾರು 4,400 ಕಪ್ಪು ಜನರ ಗುಂಪು ಹತ್ಯೆಗಳನ್ನು ಅಲಬಾಮಾದ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಸಂಸ್ಥೆ ದಾಖಲಿಸಿದೆ. ಅವರ ನೆನಪಿಗೆ 2018ರಲ್ಲಿ ಮಾಂಟ್ಗಮರಿಯಲ್ಲಿ ತೆರೆದ ಸ್ಮಾರಕದಲ್ಲಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಒಂದೊಂದು ಜಿಲ್ಲೆಗೆ ಒಂದೊಂದು. ಜೈಲಿನ ಅಧ್ಯಾಯವನ್ನು ಓದುವಾಗ ಈ ಲೆಕ್ಕವೂ ತಲೆಯಲ್ಲಿರಲಿ.

ಹಾಗಾದರೆ ಪುಸ್ತಕದಲ್ಲಿ ಎಲ್ಲರಿಗಿಂತ ಜಾಸ್ತಿ ಧೈರ್ಯ ತೋರಿಸಿದವರು ಯಾರು, ನಿಮ್ಮ ಪ್ರಕಾರ?

ಟಾಮ್ ರಾಬಿನ್ಸನ್. ಇದನ್ನು ಕೇಳಿ ಅನೇಕರು ಹುಬ್ಬೇರಿಸುತ್ತಾರೆ. ಅಟಿಕಸ್ ಪಣಕ್ಕಿಟ್ಟಿದ್ದು ಹೆಸರು, ನೆಮ್ಮದಿ. ಮಕ್ಕಳ ಮೇಲೆ ದಾಳಿಯಾದದ್ದು ದೊಡ್ಡ ಮಾತೇ. ಆದರೂ ಕೇಸು ಮುಗಿದ ಮೇಲೆ ಅವನು ಅದೇ ಮನೆಯಲ್ಲಿದ್ದ, ಊರಿನವರು ಅವನನ್ನೇ ಮತ್ತೆ ಶಾಸನಸಭೆಗೆ ಆರಿಸಿ ಕಳಿಸಿದರು. ಟಾಮ್ ಕಟಕಟೆ ಹತ್ತಿ, ಬಿಳಿ ಹುಡುಗಿಯೇ ನನ್ನನ್ನು ಅಪ್ಪಿಕೊಂಡಳು ಅಂತ ಬಿಳಿಯರ ಸಭೆಯಲ್ಲಿ ಹೇಳಿದ. ಆ ಊರಿನಲ್ಲಿ ಆ ಮಾತು ಸಾವಿಗೆ ಸಮ. ಅವಳನ್ನು ತಳ್ಳಿ ಓಡುವುದಕ್ಕೂ ಹೆದರಿಕೆ, ನಿಲ್ಲುವುದಕ್ಕೂ ಹೆದರಿಕೆ ಇತ್ತು ಅಂತ ಅವನೇ ಹೇಳುತ್ತಾನೆ. ಅಷ್ಟು ಹೆದರಿದವನು ನಿಜ ಹೇಳಿದ.

ಹೆಲೆನ್ ಕೂಡ ನನಗೆ ಮುಖ್ಯ. ಅವಳಿಗೆ ಯಾರೂ ಕೆಲಸ ಕೊಡುವುದಿಲ್ಲ. ಕೊನೆಗೆ ಟಾಮ್‌ನ ಹಳೆಯ ಯಜಮಾನ ಲಿಂಕ್ ಡೀಸ್ ಕೊಡುತ್ತಾನೆ. ಯೂಯೆಲ್‌ಗಳ ಕಾಟ ತಪ್ಪಿಸಲು ಹೋಗುತ್ತಾ ಬರುತ್ತಾ ಒಂದು ಮೈಲಿ ಸುತ್ತಿ ನಡೆಯುತ್ತಾಳೆ. ಪುಸ್ತಕ ಇದಕ್ಕೆ ಕೊಡುವುದು ಕೆಲವೇ ಸಾಲು. ಅಲ್ಲಿ ನಿಧಾನ ಮಾಡಿ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ.

ಮೇಲ್ಮನವಿಗೆ ಅವಕಾಶ ಇತ್ತಲ್ಲ, ಟಾಮ್ ಯಾಕೆ ಓಡಿದ?

ಸೆರೆಮನೆಯ ಬೇಲಿ ಹತ್ತುವಾಗ ಕಾವಲುಗಾರರು ಗುಂಡು ಹಾರಿಸಿದರು. ಹದಿನೇಳು ಗುಂಡು ಬಿದ್ದವು. ಎರಡೂ ಕೈ ಚೆನ್ನಾಗಿದ್ದಿದ್ದರೆ ದಾಟಿಬಿಡುತ್ತಿದ್ದ ಅಂತ ಕಾವಲುಗಾರರೇ ಹೇಳಿದರಂತೆ. ಬಿಳಿಯರು ಕೊಡುವ ಅವಕಾಶಗಳಿಂದ ಅವನಿಗೆ ಸಾಕಾಗಿತ್ತು, ತನ್ನದೇ ದಾರಿ ನೋಡಿಕೊಂಡ ಅನ್ನುತ್ತಾನೆ ಅಟಿಕಸ್. ಕೆಲವರು ಇದನ್ನು ದುಡುಕು ಅನ್ನುತ್ತಾರೆ. ನಿಜ ಹೇಳಿದ್ದಕ್ಕೆ ಶಿಕ್ಷೆ ಆದವನಿಗೆ ಮೇಲಿನ ಕೋರ್ಟಿನ ಮೇಲೆ ಭರವಸೆ ಎಲ್ಲಿಂದ ಬರಬೇಕು? ಓಡಿದನೋ, ಓಡಿಸಿ ಹೊಡೆದರೋ ಅಂತ ಕೇಳುವವರೂ ಇದ್ದಾರೆ. ಆ ಕ್ಷಣ ಅಲ್ಲಿದ್ದವರು ಕಾವಲುಗಾರರು ಮತ್ತು ಕೈದಿಗಳು. ಅಟಿಕಸ್‌ಗೂ ನಮಗೂ ಸಿಗುವುದು ಕಾವಲುಗಾರರ ಮಾತು ಮಾತ್ರ.

ನಿಜ ಜೀವನದಲ್ಲಿ ಅಟಿಕಸ್ ಥರ ನಿಂತ ಬಿಳಿಯರು ಇದ್ದರಾ?

ಇದ್ದರು. ಸ್ಕಾಟ್ಸ್‌ಬರೋ ಪ್ರಕರಣದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಅಲಬಾಮಾದವರೇ. 1933ರಲ್ಲಿ ಜ್ಯೂರಿ ಮತ್ತೆ ಮರಣದಂಡನೆ ಅಂದಾಗ, ಸಾಕ್ಷ್ಯ ಹೊಂದುವುದಿಲ್ಲ ಅಂತ ಆ ತೀರ್ಪನ್ನು ತಳ್ಳಿಹಾಕಿದರು. ಮುಂದಿನ ವರ್ಷ ಚುನಾವಣೆಯಲ್ಲಿ ಸೋತರು. ಮತ್ತೆ ನ್ಯಾಯಾಧೀಶರಾಗಲಿಲ್ಲ.

## ತಕರಾರುಗಳು, ಕಷ್ಟದ ಪ್ರಶ್ನೆಗಳು

ಬಿಳಿಯ ಬಂದು ಕಪ್ಪು ಜನರನ್ನು ಕಾಪಾಡುವ ಕಥೆ ಅಂತ ಬೈಯುತ್ತಾರೆ. ಅದು ಸರಿಯಾ?

ಅರ್ಧಕ್ಕಿಂತ ಜಾಸ್ತಿ ಸರಿ. ಕಪ್ಪು ಜನರು ಇಲ್ಲಿ ಒಳ್ಳೆಯವರು, ತಾಳ್ಮೆಯವರು, ಕೃತಜ್ಞರು. ಕೋರ್ಟಿನಿಂದ ಅಟಿಕಸ್ ಹೊರಡುವಾಗ ಬಾಲ್ಕನಿಯಲ್ಲಿದ್ದ ಅವರೆಲ್ಲ ಎದ್ದು ನಿಲ್ಲುತ್ತಾರೆ. ಮರುದಿನ ಅಡುಗೆಮನೆ ತುಂಬ ಕೋಳಿ, ಟೊಮೆಟೊ, ಹುರುಳಿಕಾಯಿ ತಂದಿಟ್ಟು ಹೋಗಿರುತ್ತಾರೆ. ಹೃದಯ ತುಂಬಿ ಬರುತ್ತದೆ. ಆದರೆ ಅವರು ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು? ಅವರಿಗೆ ಸಿಟ್ಟು ಬರಲಿಲ್ಲವಾ? ಪುಸ್ತಕಕ್ಕೆ ಅದು ಗೊತ್ತಿಲ್ಲ. ಕಾನೂನು ಪ್ರಾಧ್ಯಾಪಕ ಮನ್ರೋ ಫ್ರೀಡ್‌ಮನ್ 1992ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿದರು: ಅಟಿಕಸ್ ತಾನಾಗಿ ಈ ಕೇಸು ಹಿಡಿದನಾ? ಇಲ್ಲ, ನ್ಯಾಯಾಧೀಶರು ನೇಮಿಸಿದರು. ಶಾಸಕನಾಗಿ ಕಪ್ಪು ಜನರನ್ನು ಬೇರೆಯಾಗಿಡುವ ಕಾನೂನುಗಳ ವಿರುದ್ಧ ಏನು ಮಾಡಿದ? ಆ ಲೇಖನಕ್ಕೆ ವಕೀಲರು ಕೆರಳಿ ಉತ್ತರ ಬರೆದರು. ಪ್ರಶ್ನೆ ಮಾತ್ರ ನಿಂತಿದೆ.

2018ರಲ್ಲಿ ಬ್ರಾಡ್‌ವೇಗೆ ಬಂದ ನಾಟಕದಲ್ಲಿ ಕ್ಯಾಲ್ಪರ್ನಿಯಾ ಅಟಿಕಸ್‌ಗೆ ಎದುರು ಮಾತಾಡುತ್ತಾಳೆ. ಈ ಕೊರತೆ ತುಂಬಲು ಮಾಡಿದ ಪ್ರಯತ್ನ ಅದು.

ಕೂ ಕ್ಲಕ್ಸ್ ಕ್ಲ್ಯಾನ್ ಬಗ್ಗೆ ಅಟಿಕಸ್ ಅಷ್ಟು ಹಗುರವಾಗಿ ಮಾತಾಡುತ್ತಾನಲ್ಲ, ಯಾಕೆ?

ಕ್ಲ್ಯಾನ್ ಅಂದರೆ ಕಪ್ಪು ಜನರ ಮೇಲೆ ದೌರ್ಜನ್ಯ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ. ಅದು ಹಿಂದೆ 1920ರ ಸುಮಾರಿಗೆ ಇತ್ತು, ರಾಜಕೀಯ ಸಂಘಟನೆಯಂತೆ ಇತ್ತು, ಹೆದರಿಸಲು ಯಾರೂ ಸಿಗಲಿಲ್ಲ ಅನ್ನುವ ಅರ್ಥದಲ್ಲಿ ಮಕ್ಕಳಿಗೆ ಹೇಳುತ್ತಾನೆ. ಇದು ಇತಿಹಾಸಕ್ಕೆ ಹೊಂದುವುದಿಲ್ಲ. 1926ರಲ್ಲಿ ಅಲಬಾಮಾದ ಗವರ್ನರ್ ಆಗಿ ಗೆದ್ದ ಬಿಬ್ ಗ್ರೇವ್ಸ್ ಕ್ಲ್ಯಾನ್ ಸದಸ್ಯ. ಅದೇ ವರ್ಷ ಸೆನೆಟ್‌ಗೆ ಗೆದ್ದ ಹ್ಯೂಗೋ ಬ್ಲ್ಯಾಕ್ ಕೂಡ ಹಿಂದೆ ಸದಸ್ಯರಾಗಿದ್ದವರು. ಮಕ್ಕಳಿಗೆ ಹೆದರಿಕೆಯಾಗದಿರಲಿ ಅಂತ ಹೇಳಿದನೇ? ನನಗೆ ಹಾಗನ್ನಿಸುವುದಿಲ್ಲ. ನೆರೆಹೊರೆಯವರನ್ನು ಕೆಟ್ಟವರು ಅನ್ನಲಾರದ ದೌರ್ಬಲ್ಯ ಅವನಲ್ಲಿದೆ. ಎಲ್ಲರ ಜಾಗದಲ್ಲೂ ನಿಂತು ನೋಡು ಅನ್ನುವ ಅವನ ಬುದ್ಧಿವಾದಕ್ಕೆ ಈ ಮಗ್ಗುಲೂ ಇದೆ.

ಕೊನೆಯಲ್ಲಿ ಷರೀಫ್ ಬೂ ರಾಡ್ಲಿಯನ್ನು ಉಳಿಸಲು ಸುಳ್ಳು ಹೇಳುತ್ತಾನೆ. ಅದನ್ನು ಒಪ್ಪಬೇಕಾ?

ಬಾಬ್ ಯೂಯೆಲ್ ಅಟಿಕಸ್‌ನ ಮಕ್ಕಳನ್ನು ಕೊಲ್ಲಲು ಬಂದ, ಬೂ ಅವನನ್ನು ಇರಿದ. ಯೂಯೆಲ್ ತನ್ನ ಚಾಕುವಿನ ಮೇಲೆ ತಾನೇ ಬಿದ್ದ ಅಂತ ಷರೀಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಹೆಕ್ ಟೇಟ್ ಹಟ ಹಿಡಿಯುತ್ತಾನೆ. ನಾಚಿಕೆಯ ಮನುಷ್ಯನನ್ನು ಊರ ಕಣ್ಣಿಗೆ ಎಳೆದು ತರುವುದು ಪಾಪ ಅನ್ನುವ ಅವನ ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ಟಾಮ್‌ನ ವಿಷಯದಲ್ಲಿ ಇದೇ ಷರೀಫ್ ಮೇಯೆಲಾಗೆ ವೈದ್ಯರನ್ನು ಕರೆಸಲಿಲ್ಲ. ಯೂಯೆಲ್ ಮಾತು ಕೇಳಿ ಟಾಮ್‌ನನ್ನು ಹಿಡಿದು ತಂದ. ಬಿಳಿ ನೆರೆಯವನಿಗಾಗಿ ಕಾನೂನು ಬಗ್ಗಿತು, ಟಾಮ್‌ಗೆ ನೆಟ್ಟಗೂ ನಡೆಯಲಿಲ್ಲ. ಲೀ ಇದನ್ನು ಬೇಕೆಂದೇ ಎದುರುಬದುರು ಇಟ್ಟರೋ ಏನೋ, ಓದುವವರು ಇಟ್ಟು ನೋಡಲೇಬೇಕು.

ಎರಡನೇ ಪುಸ್ತಕದಲ್ಲಿ ಅಟಿಕಸ್ ಜನಾಂಗವಾದಿ ಆಗಿಬಿಟ್ಟನಂತೆ. ಮನಸ್ಸು ಮುರಿಯಿತು.

‘ಗೋ ಸೆಟ್ ಎ ವಾಚ್‌ಮನ್’ 2015ರಲ್ಲಿ ಬಂತಾದರೂ ಬರೆದದ್ದು ಮೊದಲು, 1957ರ ಹೊತ್ತಿಗೆ. ಅದನ್ನು ಓದಿದ ಸಂಪಾದಕಿ ಟೇ ಹೋಹಾಫ್ ಅವರ ಮಾರ್ಗದರ್ಶನದಲ್ಲಿ ಲೀ ವರ್ಷಗಟ್ಟಲೆ ತಿದ್ದಿ ಬರೆದರು. ಹಾಗೆ ಬಂದದ್ದು ನಾವು ಓದುವ ಕಾದಂಬರಿ. ವಾಚ್‌ಮನ್‌ನಲ್ಲಿ ಎಪ್ಪತ್ತು ದಾಟಿದ ಅಟಿಕಸ್ ಕಪ್ಪು ಜನರ ಹಕ್ಕುಗಳನ್ನು ತಡೆಯಲು ಬಿಳಿಯರು ಕಟ್ಟಿದ ಮಂಡಳಿಯ ಸಭೆಯಲ್ಲಿ ಕೂರುತ್ತಾನೆ. ದೊಡ್ಡವಳಾದ ಮಗಳು ಮೇಲಿನಿಂದ, ಅದೇ ಕೋರ್ಟಿನ ಬಾಲ್ಕನಿಯಿಂದ, ನೋಡಿ ಕುಸಿದುಹೋಗುತ್ತಾಳೆ. ನನಗೆ ಇದು ವಿರೋಧ ಅನ್ನಿಸಲಿಲ್ಲ. ಒಬ್ಬ ಟಾಮ್‌ಗೆ ನ್ಯಾಯ ಬೇಕು ಅನ್ನುವ, ಆದರೆ ಕಪ್ಪು ಜನರೆಲ್ಲ ಸಮಾನವಾಗಿ ಮತ ಹಾಕುವುದು, ಒಂದೇ ಶಾಲೆಯಲ್ಲಿ ಓದುವುದು ಬೇಡ ಅನ್ನುವ ಸಜ್ಜನರು ಆ ಕಾಲದಲ್ಲಿ ಎಷ್ಟೋ ಮಂದಿ ಇದ್ದರು.

ಶಾಲೆಗಳಿಂದ ಈ ಪುಸ್ತಕ ಯಾಕೆ ತೆಗೆಸುತ್ತಾರೆ?

ಕಾರಣ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಇದು ಅನೈತಿಕ ಅಂದಿತು. ಲೀ ಪತ್ರಿಕೆಗೆ ಖಾರವಾದ ಪತ್ರ ಬರೆದರು. 2017ರಲ್ಲಿ ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ, ಭಾಷೆ ಮುಜುಗರ ಮಾಡುತ್ತದೆ ಅಂತ ಎಂಟನೇ ತರಗತಿಯ ಪಾಠದಿಂದ ತೆಗೆದರು. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೋದಲ್ಲಿ ಕಡ್ಡಾಯ ಪಟ್ಟಿಯಿಂದ ಮಾತ್ರ ಬಿಟ್ಟರು. ಬೇಕಾದ ಶಿಕ್ಷಕರು ಕಲಿಸಬಹುದು. ಇಡೀ ತರಗತಿಯಲ್ಲಿ ಒಬ್ಬನೇ ಕಪ್ಪು ಹುಡುಗ ಕೂತಿರುವಾಗ ಆ ಬೈಗುಳವನ್ನು ಗಟ್ಟಿಯಾಗಿ ಓದಿಸಿದರೆ ಅವನಿಗೆ ಏನಾಗುತ್ತದೆ ಅನ್ನುವ ಪೋಷಕರ ಪ್ರಶ್ನೆ ನ್ಯಾಯವಾದದ್ದು. ನಿಷೇಧ ಬೇಡ ಅನ್ನುವುದು ನನ್ನ ನಿಲುವು. ಜೊತೆಗೆ ಕಪ್ಪು ಲೇಖಕರ ಪುಸ್ತಕಗಳನ್ನೂ ಓದಿಸಬೇಕು.

ಓದುತ್ತಾ ನಮ್ಮ ಜಾತಿ ಪದ್ಧತಿಯೇ ನೆನಪಾಯಿತು. ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ, ಆದರೆ ಈ ನೆನಪು ಹೊಸದೂ ಅಲ್ಲ. ಜೋತಿರಾವ್ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಕಟಕಟೆಯಲ್ಲಿ ನಿಂತ ಟಾಮ್‌ನನ್ನು ಓದುವಾಗ ನನಗೆ ಕಂಬಾಲಪಲ್ಲಿ ನೆನಪಾಗುತ್ತದೆ. 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಮೊದಲು ಕೊಟ್ಟ ಹೇಳಿಕೆಗೆ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಬಲ ಇದ್ದವರ ಊರಿನಲ್ಲೇ ಬದುಕಬೇಕಾದವನು ಅವರೆದುರು ನಿಂತು ನಿಜ ಹೇಳುವುದಕ್ಕೆ ಎಷ್ಟು ಎದೆ ಬೇಕು ಅನ್ನುವುದು ನಮಗೆ ಅಲಬಾಮಾದಿಂದ ಗೊತ್ತಾಗಬೇಕಿಲ್ಲ.

ಲೀ ಹುಟ್ಟಿದ ಊರು ಈಗಲಾದರೂ ಬದಲಾಗಿದೆಯಾ?

ಮನ್ರೋವಿಲ್‌ನ ಹಳೆಯ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ. ಕಾದಂಬರಿಯನ್ನು ಊರಿನವರೇ ಅಲ್ಲಿ ನಾಟಕವಾಡುತ್ತಾರೆ, ದೂರದಿಂದ ಜನ ಬರುತ್ತಾರೆ. ಅದೇ ಊರಿನ ಇನ್ನೊಂದು ಕಥೆಯನ್ನೂ ತಿಳಿದುಕೊಳ್ಳಿ. 1986ರಲ್ಲಿ ಅಲ್ಲಿ ಒಬ್ಬ ಬಿಳಿ ಯುವತಿಯ ಕೊಲೆಯಾಯಿತು. ಮರ ಕಡಿಯುವ ಕೆಲಸ ಮಾಡುತ್ತಿದ್ದ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ವ್ಯಕ್ತಿಯನ್ನು 1987ರಲ್ಲಿ ಹಿಡಿದರು. ಕೊಲೆಯ ಹೊತ್ತಿಗೆ ಅವರು ಮನೆಯಲ್ಲಿ ಮೀನು ಹುರಿದು ಮಾರುವ ಕೂಟದಲ್ಲಿದ್ದರು. ನೋಡಿದವರು ಒಬ್ಬಿಬ್ಬರಲ್ಲ, ಬಹಳ ಮಂದಿ. ಬಹುತೇಕ ಅವರೆಲ್ಲ ಕಪ್ಪು ಜನ. ಅವರ ಮಾತು ಲೆಕ್ಕಕ್ಕೆ ಬರಲಿಲ್ಲ. ವಿಚಾರಣೆಗೂ ಮೊದಲೇ ಮರಣದಂಡನೆಯ ಕೈದಿಗಳ ಜೊತೆ ಇಟ್ಟರು. ಜ್ಯೂರಿಯಲ್ಲಿ ಹನ್ನೊಂದು ಬಿಳಿಯರು, ಒಬ್ಬ ಕಪ್ಪು ವ್ಯಕ್ತಿ. ತಪ್ಪಿತಸ್ಥ ಅಂದರೂ ಆ ಜ್ಯೂರಿ ಜೀವಾವಧಿ ಸಾಕು ಅಂದಿತು. ನ್ಯಾಯಾಧೀಶರು ಅದನ್ನು ಪಕ್ಕಕ್ಕಿಟ್ಟು ಮರಣದಂಡನೆ ವಿಧಿಸಿದರು.

ವಕೀಲ ಬ್ರಯಾನ್ ಸ್ಟೀವನ್ಸನ್ ಕೇಸು ಹಿಡಿದರು. ಅವರೂ ಕಪ್ಪು ಜನಾಂಗದವರು. ಮುಖ್ಯ ಸಾಕ್ಷಿ ತಾನು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡ. ಪೊಲೀಸರು ಮುಚ್ಚಿಟ್ಟಿದ್ದ ಟೇಪುಗಳೂ ಸಿಕ್ಕವು. 1993ರ ಮಾರ್ಚ್‌ನಲ್ಲಿ ಮೆಕ್‌ಮಿಲಿಯನ್ ಮನೆಗೆ ಬಂದರು. ಜ್ಯೂರಿ ಜೀವಾವಧಿ ಅಂದಮೇಲೂ ನ್ಯಾಯಾಧೀಶರು ಮರಣದಂಡನೆ ಕೊಡಬಹುದು ಅನ್ನುವ ಕಾನೂನನ್ನು ಅಲಬಾಮಾ ತೆಗೆದುಹಾಕಿದ್ದು 2017ರಲ್ಲಿ. ಅದಕ್ಕೂ ಮೊದಲು ಹಾಗೆ ಶಿಕ್ಷೆಯಾದವರಿಗೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ.